ಬರಗಾಲದಲ್ಲಿ ಹುಲ್ಲು ನೀರು ಕುಡಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತು ವಾರಗಟ್ಟಲೆ ಆದರೂ ಹುಲ್ಲುಗಾವಲು ಹಸಿರಾಗಿಯೇ ಇರುತ್ತದಲ್ಲ, ನೀರು ಎಲ್ಲಿಂದ ಬರುತ್ತದೆ?

ಮಣ್ಣಿನಿಂದಲೇ. ಹುಲ್ಲಿಗೆ ನೀರು ಕೂಡಿಟ್ಟುಕೊಳ್ಳಲು ಬೇರೆ ಜಾಗ ಇಲ್ಲ. ಕಳ್ಳಿ ಗಿಡದ ಹಾಗೆ ದಪ್ಪ ಕಾಂಡದಲ್ಲಿ ತುಂಬಿಕೊಳ್ಳಲು ಅದಕ್ಕೆ ಬರುವುದಿಲ್ಲ. ಇವತ್ತು ಬೇರಿಗೆ ಸಿಕ್ಕ ನೀರು ಬಹುಪಾಲು ಇವತ್ತೇ ಎಲೆಯಿಂದ ಆವಿಯಾಗಿ ಹೋಗುತ್ತದೆ. ಕುಡಿದ ನೀರಿನಲ್ಲಿ 100ಕ್ಕೆ 95 ಪಾಲಿಗಿಂತ ಜಾಸ್ತಿ ಹೀಗೆ ಗಾಳಿ ಪಾಲಾಗುತ್ತದೆ. ಮೈಗೆ ಹತ್ತುವುದು ತೀರಾ ಕಡಿಮೆ.

ಹಾಗಾಗಿ ಬರ ಬಂದಾಗ ಹುಲ್ಲಿನ ಕೈಯಲ್ಲಿರುವುದು ಮೂರೇ ದಾರಿ. ಮಣ್ಣಿನಲ್ಲಿ ಉಳಿದ ಹಸಿಯನ್ನು ಇನ್ನಷ್ಟು ಬಲವಾಗಿ ಎಳೆಯಬೇಕು. ಬಿದ್ದ ಚಿಕ್ಕ ಮಳೆಯನ್ನೂ ಬಿಡದೆ ಹಿಡಿಯಬೇಕು. ಎರಡೂ ಆಗದಿದ್ದರೆ ಕುಡಿಯುವುದನ್ನೇ ನಿಲ್ಲಿಸಿ ಸುಮ್ಮನೆ ಕಾಯಬೇಕು. ಜನ ಸಾಮಾನ್ಯವಾಗಿ ಆಳವಾದ ಬೇರಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಹುಲ್ಲಿನ ನಿಜವಾದ ಜಾಣತನ ಇರುವುದು ಎರಡನೇ ಮತ್ತು ಮೂರನೇ ದಾರಿಯಲ್ಲಿ.

ಬೇರು ನೀರು ಹೀರುತ್ತದೆ ಅಂತೀವಿ. ಆದರೆ ಪಂಪು ಎಲ್ಲಿದೆ?

ಪಂಪು ಇಲ್ಲ. ಎಳೆಯುವ ಕೆಲಸ ಶುರುವಾಗುವುದು ಬೇರಿನಲ್ಲಲ್ಲ, ಎಲೆಯಲ್ಲಿ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋದಾಗ, ಅದರ ಹಿಂದಿದ್ದ ನೀರು ಮುಂದಕ್ಕೆ ಬರಬೇಕಾಗುತ್ತದೆ. ನೀರಿನ ಕಣಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಅದರಿಂದ ಎಲೆಯಿಂದ ಬೇರಿನವರೆಗೆ ಇಡೀ ನೀರಿನ ಎಳೆ ಹಗ್ಗದ ಹಾಗೆ ಬಿಗಿಯುತ್ತದೆ. ಆ ಹಗ್ಗದ ಕೆಳತುದಿ ಮಣ್ಣಿನ ಕಣಗಳ ನಡುವೆ ಇರುವ ಹಸಿ. ಈ ವಿವರಣೆಯನ್ನು 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ಇಬ್ಬರು ಐರಿಷ್ ವಿಜ್ಞಾನಿಗಳು ಕೊಟ್ಟರು. ಇವತ್ತಿಗೂ ಅದೇ ನಿಂತಿದೆ.

ಎಳೆತ ಎಷ್ಟಿದೆ ಅಂತ ಅಳೆಯಲು ಒಂದು ಸರಳ ಉಪಾಯ ಇದೆ. ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿ ಮಾತ್ರ ಹೊರಗಿರುವಂತೆ ಒಂದು ಗಟ್ಟಿ ಡಬ್ಬಿಯೊಳಗಿಟ್ಟು ಗಾಳಿಯ ಒತ್ತಡ ಏರಿಸುತ್ತಾ ಹೋಗುವುದು. ಕತ್ತರಿಸಿದ ಬಾಯಲ್ಲಿ ನೀರು ಕಾಣಿಸಿಕೊಳ್ಳುವ ಹೊತ್ತಿಗೆ ಎಷ್ಟು ಒತ್ತಡ ಹಾಕಿದ್ದೀರೋ, ಗಿಡದೊಳಗೆ ಸುಮಾರು ಅಷ್ಟೇ ಎಳೆತ ಇತ್ತು ಅಂತ ಲೆಕ್ಕ. ಶೋಲಾಂಡರ್ ಮತ್ತು ಜೊತೆಗಾರರು 1965ರಲ್ಲಿ ಇದನ್ನು ಜನಪ್ರಿಯ ಮಾಡಿದರು. ಬರದ ಅಧ್ಯಯನಕ್ಕೆ ಇಂದಿಗೂ ಈ ಡಬ್ಬಿಯನ್ನು ಹೊತ್ತುಕೊಂಡು ಹುಲ್ಲುಗಾವಲಿಗೆ ಹೋಗುತ್ತಾರೆ, ಅದೂ ಬೆಳಕು ಹರಿಯುವ ಮೊದಲೇ. ರಾತ್ರಿಯೆಲ್ಲ ಎಲೆಯ ರಂಧ್ರ ಮುಚ್ಚಿರುವುದರಿಂದ, ಆ ಹೊತ್ತಿಗೆ ಗಿಡದ ಎಳೆತವೂ ಬೇರಿನ ಸುತ್ತಲ ಮಣ್ಣಿನ ಎಳೆತವೂ ಹೆಚ್ಚುಕಡಿಮೆ ಸಮಕ್ಕೆ ಬಂದಿರುತ್ತವೆ.

ಅಗೆದು ನೋಡಿದರೆ ಮಣ್ಣಿನಲ್ಲಿ ಹಸಿ ಇದೆ. ಆದರೂ ಗಿಡ ಯಾಕೆ ಬಾಡುತ್ತದೆ?

ಮಣ್ಣಿನಲ್ಲಿ ನೀರು ಎಷ್ಟಿದೆ ಅನ್ನುವುದಕ್ಕಿಂತ ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನುವುದು ಮುಖ್ಯ. ಮಳೆ ಬಂದ ಹೊಸತರಲ್ಲಿ ನೀರು ದೊಡ್ಡ ಸಂದುಗಳಲ್ಲಿರುತ್ತದೆ, ಸುಲಭವಾಗಿ ಬರುತ್ತದೆ. ಒಣಗುತ್ತಾ ಹೋದಂತೆ ಉಳಿಯುವುದು ಕಣಗಳಿಗೆ ಅಂಟಿದ ತೆಳು ಪದರ ಮಾತ್ರ. ಅದನ್ನು ಕೀಳಲು ಜಾಸ್ತಿ ಬಲ ಬೇಕು.

ಪುಸ್ತಕಗಳಲ್ಲಿ ಒಂದು ಗೆರೆ ಎಳೆದಿರುತ್ತಾರೆ: 15 ಬಾರ್ ಎಳೆತಕ್ಕೂ ಬಾರದ ನೀರು ಗಿಡಕ್ಕೆ ಸಿಗದ ನೀರು. ಕಾರಿನ ಟೈರಿನಲ್ಲಿ ಇರುವ ಒತ್ತಡದ ಸುಮಾರು 7 ಪಟ್ಟು ಅದು. ಆದರೆ ಈ ಗೆರೆ ಹೊಲದ ಬೆಳೆಗಳನ್ನು ನೋಡಿ ಎಳೆದದ್ದು. ಒಣನಾಡಿನ ಹುಲ್ಲುಗಳು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. ಎಷ್ಟೋ ಜಾತಿಗಳು 30, 40 ಬಾರ್ ದಾಟಿದರೂ ಎಳೆಯುತ್ತಲೇ ಇರುತ್ತವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 426 ಜಾತಿಯ ಹುಲ್ಲುಗಳನ್ನು ಬೆಳೆಸಿ ಒಣಗಿಸಿ ನೋಡಿದರು. ಬರ ತಡೆಯುವ ಶಕ್ತಿಯಲ್ಲಿ ಜಾತಿಯಿಂದ ಜಾತಿಗೆ 10 ಪಟ್ಟು ವ್ಯತ್ಯಾಸ ಕಂಡಿತು. "ಹುಲ್ಲು" ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಎಷ್ಟು ತಪ್ಪು ನೋಡಿ.

ಬೇರು ಆಳಕ್ಕೆ ಹೋದಷ್ಟೂ ಬರ ತಡೆಯುತ್ತದೆ, ಅಲ್ವಾ?

ಈ ಪ್ರಶ್ನೆಗೆ ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು. ಸ್ವಲ್ಪ ನಿಧಾನವಾಗಿ ನೋಡೋಣ.

ಅಮೆರಿಕದ ನೆಬ್ರಾಸ್ಕಾದಲ್ಲಿ ಜಾನ್ ವೀವರ್ ಎಂಬ ಸಸ್ಯವಿಜ್ಞಾನಿ ಇದ್ದರು. ಪ್ರೇರಿ ಹುಲ್ಲುಗಾವಲಿನಲ್ಲಿ ಆಳುದ್ದದ ಗುಂಡಿ ತೋಡಿಸಿ, ಒಳಗೆ ನಿಂತು, ಚೂಪಾದ ಸಣ್ಣ ಸಲಕರಣೆಯಿಂದ ಮಣ್ಣು ಕೆದಕಿ ಒಂದೊಂದೇ ಬೇರನ್ನು ಬಿಡಿಸಿ ಚಿತ್ರ ಬರೆದವರು. ಬಿಗ್ ಬ್ಲೂಸ್ಟೆಮ್ ಎಂಬ ಎತ್ತರದ ಹುಲ್ಲಿನ ಬೇರು 2 ಮೀಟರ್‌ಗಿಂತ ಕೆಳಗೆ ಹೋಗಿರುವುದನ್ನು, ಕೆಲವು ಅಗಲ ಎಲೆಯ ಗಿಡಗಳ ಬೇರು 4 ಮೀಟರ್ ದಾಟಿರುವುದನ್ನು ಅವರು ತೋರಿಸಿದರು. 1930ರ ದಶಕದ ಭೀಕರ ಬರ ಬಂದಾಗ ಬೇರು ಮೇಲೇ ಇದ್ದ ಗಿಡಗಳು ರಾಶಿ ರಾಶಿ ಸತ್ತವು, ಆಳಕ್ಕೆ ಇಳಿದಿದ್ದ ಎಷ್ಟೋ ಗಿಡಗಳು ಉಳಿದವು. ಅಲ್ಲಿಂದ "ಹುಲ್ಲು ಆಳದ ನೀರು ಕುಡಿದು ಬದುಕುತ್ತದೆ" ಅನ್ನುವ ಮಾತು ಗಟ್ಟಿಯಾಗಿ ಕೂತುಬಿಟ್ಟಿತು.

ಮುಂದೆ ಕಾನ್ಸಸ್‌ನ ಕೋಂಜಾ ಪ್ರೇರಿಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಗಿಡದೊಳಗಿನ ನೀರನ್ನೇ ತೆಗೆದು ಅದು ಯಾವ ಆಳದ್ದು ಅಂತ ಪರೀಕ್ಷಿಸಿದರೆ, ಅದೇ ಉದ್ದ ಬೇರಿನ ಬಿಗ್ ಬ್ಲೂಸ್ಟೆಮ್ ಕುಡಿಯುತ್ತಿದ್ದದ್ದು ಹೆಚ್ಚಾಗಿ ಮೇಲಿನ 30 ಸೆಂಟಿಮೀಟರ್ ಮಣ್ಣಿನ ನೀರನ್ನು! ಮೇಲಿನ ಮಣ್ಣು ಒಣಗುತ್ತಾ ಬಂದಾಗಲೂ ಅದು ಆಳಕ್ಕೆ ಬಾಯಿ ಹಾಕಲಿಲ್ಲ. ಅಕ್ಕಪಕ್ಕದ ಅಗಲ ಎಲೆಯ ಗಿಡ, ಪೊದೆಗಳು ಮಾತ್ರ ಆಳದ ನೀರಿಗೆ ತಿರುಗಿದವು.

ಯಾಕೆ ಹೀಗೆ? ಬೇರು ಅಲ್ಲಿವರೆಗೆ ಹೋಗಿದೆ ಅಂದ ಮಾತ್ರಕ್ಕೆ ಅಲ್ಲಿಂದ ಬೇಕಾದಷ್ಟು ನೀರು ಬರುವುದಿಲ್ಲ. ಹುಲ್ಲಿನ ಬೇರಿನ ಬಹುಪಾಲು ಮೇಲಿನ ಒಂದಡಿಯಲ್ಲೇ ಇರುತ್ತದೆ. ಆಳದಲ್ಲಿ ಇರುವುದು ಎಣಿಸಬಹುದಾದಷ್ಟು ಎಳೆಗಳು, ಅವುಗಳೊಳಗಿನ ಕೊಳವೆಗಳೂ ಸಣ್ಣವು. ದೊಡ್ಡ ಕೆರೆಗೆ ನಾಲ್ಕು ಸ್ಟ್ರಾ ಹಾಕಿ ಊರಿಗೆಲ್ಲ ನೀರು ಕೊಡಲು ಹೊರಟ ಹಾಗೆ. ಹಸಿರಾಗಿ ಬೆಳೆಯುವಷ್ಟು ನೀರು ಅಲ್ಲಿಂದ ಬಾರದು, ಬುಡ ಸಾಯದಷ್ಟು ಬಂದರೆ ಬರಬಹುದು. ವೀವರ್ ಕಂಡದ್ದು ಯಾವ ಗಿಡ ಜೀವ ಉಳಿಸಿಕೊಂಡಿತು ಅನ್ನುವುದನ್ನು, ಕೋಂಜಾದಲ್ಲಿ ಕಂಡದ್ದು ದಿನದಿನದ ಕುಡಿತವನ್ನು. ಎರಡನ್ನೂ ಒಂದೇ ಅಂದುಕೊಂಡದ್ದರಿಂದ ಗೊಂದಲ ಆಯಿತು.

ಯಾವ ಆಳದ ನೀರು ಕುಡಿದಿದೆ ಅಂತ ಕಂಡುಹಿಡಿಯುವುದು ಹೇಗೆ?

ನೀರಿನಲ್ಲೂ ಹಗುರ, ಭಾರ ಅಂತ ಇದೆ. ಕೆಲವು ನೀರಿನ ಕಣಗಳಲ್ಲಿ ಮಾಮೂಲಿ ಹೈಡ್ರೋಜನ್ ಬದಲು ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್ ಇರುತ್ತದೆ, ಅಥವಾ ಮಾಮೂಲಿ ಆಕ್ಸಿಜನ್ ಬದಲು ಭಾರದ ಆಕ್ಸಿಜನ್-18 ಇರುತ್ತದೆ. ಬಿಸಿಲಿಗೆ ಹಗುರ ನೀರು ಬೇಗ ಆವಿಯಾಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಹಾಗಾಗಿ ಮೇಲ್ಮಣ್ಣಿನ ನೀರಿಗೂ ಆಳದ ನೀರಿಗೂ ಬೇರೆ ಬೇರೆ ಗುರುತು ಇರುತ್ತದೆ. ಹೆಚ್ಚಿನ ಗಿಡಗಳ ಬೇರು ನೀರನ್ನು ಒಳಗೆ ತೆಗೆದುಕೊಳ್ಳುವಾಗ ಈ ಗುರುತನ್ನು ಕೆಡಿಸುವುದಿಲ್ಲ. ಗಿಡದ ನೀರನ್ನೂ ಬೇರೆ ಬೇರೆ ಆಳದ ಮಣ್ಣಿನ ನೀರನ್ನೂ ಹೋಲಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಒಂದು ಎಚ್ಚರ. ಹುಲ್ಲಿನ ಎಲೆಯನ್ನು ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ, ಯಾಕಂದರೆ ಎಲೆಯಲ್ಲೇ ಆವಿಯಾಗಿ ಗುರುತು ಬದಲಾಗಿರುತ್ತದೆ. ಅದಕ್ಕೇ ಬೇರಿಗೂ ಎಲೆಗೂ ನಡುವೆ ಇರುವ, ಹಸಿರಿಲ್ಲದ ಬುಡದ ಭಾಗವನ್ನು ಕೊಯ್ದುಕೊಳ್ಳುತ್ತಾರೆ.

ಹುಲ್ಲು, ಪೊದೆ ಒಂದೇ ಜಾಗದಲ್ಲಿದ್ದರೆ ನೀರಿಗೆ ಕಿತ್ತಾಡುವುದಿಲ್ವಾ?

ಕಿತ್ತಾಡುತ್ತವೆ, ಆದರೆ ಸ್ವಲ್ಪ ಹಂಚಿಕೊಂಡೂ ಇರುತ್ತವೆ. ಜರ್ಮನಿಯ ಹೈನ್ರಿಕ್ ವಾಲ್ಟರ್ 1939ರಲ್ಲಿ ಹೇಳಿದ ಮಾತು ಇದು: ಮೇಲಿನ ನೀರು ಹುಲ್ಲಿಗೆ, ಕೆಳಗಿನದು ಮರ-ಪೊದೆಗಳಿಗೆ. ಮಾತು ಸರಳ, ಬಹಳ ಕಡೆ ಸರಿಯೂ ಹೌದು. ಆದರೆ ಪೊದೆ ಇನ್ನೂ ಚಿಕ್ಕದಿದ್ದಾಗ ಅದರ ಬೇರೂ ಮೇಲೇ ಇರುತ್ತದೆ, ಆಗ ಹುಲ್ಲಿನ ಜೊತೆ ನೇರ ಜಗಳ. ಅದರಲ್ಲಿ ಸಾಮಾನ್ಯವಾಗಿ ಹುಲ್ಲಿನದೇ ಮೇಲುಗೈ. ಪೊದೆ ಹೇಗೋ ಆ ವಯಸ್ಸು ದಾಟಿ ಬೇರನ್ನು ಕೆಳಗಿಳಿಸಿತು ಅಂದರೆ, ಮುಂದೆ ಹುಲ್ಲು ಅದನ್ನು ಅಲ್ಲಾಡಿಸುವುದು ಕಷ್ಟ.

ಬರದ ನಡುವೆ 5 ಮಿಲಿಮೀಟರ್ ಮಳೆ ಬಿದ್ದರೆ ಏನಾದರೂ ಉಪಯೋಗ ಇದೆಯಾ?

ಇದೆ. ಅಷ್ಟು ಮಳೆಗೆ ಮಣ್ಣು ನೆನೆಯುವುದು ಕೆಲವೇ ಸೆಂಟಿಮೀಟರ್. ಮರಕ್ಕೆ ಅದು ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ, ಬೇರು ತಲುಪುವ ಮೊದಲೇ ಆವಿ. ಹುಲ್ಲಿಗೆ ಹಾಗಲ್ಲ. ಅದರ ಬೇರಿನ ಜಾಲ ನೆಲದ ಮೇಲ್ಪದರದಲ್ಲೇ ಹರಡಿಕೊಂಡು ಕಾಯುತ್ತಿರುತ್ತದೆ.

ಅಮೆರಿಕದ ಕೊಲರಾಡೋದ ಗಿಡ್ಡ ಹುಲ್ಲುಗಾವಲಿನಲ್ಲಿ ಸಾಲಾ ಮತ್ತು ಲಾವೆನ್ರಾತ್ ಇದನ್ನು ಪರೀಕ್ಷಿಸಿ 1982ರಲ್ಲಿ ಬರೆದರು. ಒಣಗಿದ ಬ್ಲೂ ಗ್ರಾಮಾ ಹುಲ್ಲಿಗೆ 5 ಮಿಲಿಮೀಟರ್ ನೀರು ಕೊಟ್ಟಾಗ, 12 ಗಂಟೆಯೊಳಗೆ ಎಲೆ ಚೇತರಿಸಿಕೊಂಡಿತು, ರಂಧ್ರಗಳು ತೆರೆದವು. ಅದರ ಪರಿಣಾಮ 2 ದಿನದವರೆಗೆ ಇತ್ತು. ಎರಡು ದಿನ ಅಂದರೆ ಕಡಿಮೆ ಅನಿಸಬಹುದು. ಆದರೆ ಒಣಪ್ರದೇಶದಲ್ಲಿ ಬೀಳುವ ಮಳೆಗಳಲ್ಲಿ ಬಹುಪಾಲು ಇಂಥ ಪುಟ್ಟ ಮಳೆಗಳೇ. ಅವನ್ನು ಬಿಟ್ಟುಕೊಟ್ಟವರಿಗೆ ಅಲ್ಲಿ ಬಾಳುವೆ ಇಲ್ಲ. ಆಳದ ಬೇರಿಗಿಂತ ಮೇಲಿನ ಬೇರಿಗೆ ಹುಲ್ಲು ಯಾಕೆ ಅಷ್ಟೊಂದು ಖರ್ಚು ಮಾಡುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಒಣಗಿದಾಗ ಮಣ್ಣು ಬಿರುಕು ಬಿಡುತ್ತದೆ. ಬೇರಿಗೂ ಮಣ್ಣಿಗೂ ಸಂಪರ್ಕ ತಪ್ಪುವುದಿಲ್ವಾ?

ತಪ್ಪುತ್ತದೆ. ಬೇರು ಕೂಡ ಒಣಗಿ ಸಣ್ಣಗಾಗುತ್ತದೆ. ನಡುವೆ ಗಾಳಿ ಸೇರಿಕೊಂಡರೆ ನೀರಿನ ಹಗ್ಗ ಅಲ್ಲಿಗೆ ಕಡಿದ ಹಾಗೆ. ಇದನ್ನು ತಡೆಯುವುದು ಬೇರಿನ ಮೇಲಿರುವ ಸಣ್ಣ ಕೂದಲುಗಳು. ಅವು ಸಂದಿಗೊಂದಿಗೆ ನುಗ್ಗಿ ಮಣ್ಣನ್ನು ಹಿಡಿದುಕೊಳ್ಳುತ್ತವೆ. ಎಷ್ಟಿರಬಹುದು ಅಂದುಕೊಂಡಿದ್ದೀರಿ? ಹುಲ್ಲಿನ ಕುಟುಂಬಕ್ಕೇ ಸೇರಿದ ರೈ ಧಾನ್ಯದ ಒಂದೇ ಒಂದು ಗಿಡವನ್ನು ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಬೆಳೆಸಿ ಡಿಟ್ಮರ್ ಎಂಬವರು 1937ರಲ್ಲಿ ಲೆಕ್ಕ ಹಾಕಿದರು. ಬೇರುಗಳ ಒಟ್ಟು ಉದ್ದ ಸುಮಾರು 620 ಕಿಲೋಮೀಟರ್, ಕೂದಲುಗಳು ಸುಮಾರು 1,400 ಕೋಟಿ. ಪಾಪ, ಎಣಿಸಿದವರ ಕಣ್ಣಿನ ಗತಿ ಏನಾಯಿತೋ.

ಇನ್ನೊಂದು ಉಪಾಯ ನೀವೇ ನೋಡಬಹುದು. ಮರಳು ನೆಲದಲ್ಲಿ ಬೆಳೆದ ಹುಲ್ಲಿನ ಬುಡವನ್ನು ಮೆಲ್ಲಗೆ ಅಗೆದು ಕೊಡವಿ. ಬೇರಿನ ಸುತ್ತ ಮರಳು ಅಂಟಿಕೊಂಡು ಅಂಗಿಯ ತೋಳಿನ ಹಾಗೆ ಉಳಿಯುತ್ತದೆ. ಎಷ್ಟು ಕೊಡವಿದರೂ ಪೂರ್ತಿ ಉದುರುವುದಿಲ್ಲ. ಬೇರು ಬಿಡುವ ಲೋಳೆ ಮತ್ತು ಕೂದಲು ಸೇರಿ ಕಟ್ಟಿದ ಮರಳಿನ ಕವಚ ಅದು. ಸುತ್ತಲ ಮಣ್ಣು ಒಣಗಿದರೂ ಬೇರಿಗೆ ತಾಗಿದ ಪದರ ಬೇಗ ಕಳಚಿಕೊಳ್ಳದ ಹಾಗೆ ಅದು ನೋಡಿಕೊಳ್ಳುತ್ತದೆ.

ಒಣ ಮಣ್ಣು ಬೇರಿನಿಂದಲೇ ನೀರನ್ನು ವಾಪಸ್ ಎಳೆದುಕೊಂಡರೆ?

ಒಳ್ಳೆಯ ಅನುಮಾನ. ನೀರಿಗೆ ದಿಕ್ಕಿನ ಹಂಗಿಲ್ಲ, ಎಳೆತ ಎಲ್ಲಿ ಜಾಸ್ತಿಯೋ ಅಲ್ಲಿಗೆ ಹೋಗುತ್ತದೆ. ಅದಕ್ಕೆ ಬೇರು ಬಾಗಿಲು ಹಾಕಿಕೊಳ್ಳುತ್ತದೆ. ಒಳಪದರದ ಗೋಡೆಗಳಿಗೆ ಮೇಣದಂಥ ಸುಬೆರಿನ್ ಬಳಿಯುತ್ತದೆ. ಜೀವಕೋಶದ ಪೊರೆಯಲ್ಲಿ ನೀರಿಗಾಗಿಯೇ ಇರುವ ಅಕ್ವಾಪೊರಿನ್ ಎಂಬ ದಾರಿಗಳನ್ನೂ ಬೇಕೆಂದಾಗ ಮುಚ್ಚಬಹುದು. ಈ ದಾರಿಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರ ನೊಬೆಲ್ ಬಂತು. ತೀರಾ ಒಣಗಿದ ಜಾಗದಲ್ಲಿರುವ ಸಣ್ಣ ಬೇರುಗಳನ್ನು ಹುಲ್ಲು ಕೈಬಿಟ್ಟುಬಿಡುವುದೂ ಉಂಟು.

ರಾತ್ರಿ ಹೊತ್ತು ಬೇರುಗಳು ಮಣ್ಣಿಗೆ ನೀರು ಬಿಡುತ್ತವೆ ಅನ್ನುವುದು ನಿಜವೇ?

ನಿಜ. ಬಾಗಿಲು ಪೂರ್ತಿ ಹಾಕದ ಗಿಡಗಳಲ್ಲಿ ಇದು ನಡೆಯುತ್ತದೆ. ಹಗಲು ಎಲೆಯ ಎಳೆತವೇ ಜಾಸ್ತಿ. ರಾತ್ರಿ ರಂಧ್ರ ಮುಚ್ಚಿದ ಮೇಲೆ ಗಿಡದೊಳಗಿನ ಎಳೆತ ಸಡಿಲವಾಗುತ್ತದೆ. ಆಗ ಕೆಳಗಿನ ಹಸಿ ಮಣ್ಣಿನಿಂದ ಬೇರಿನ ಮೂಲಕ ಮೇಲೇರಿದ ನೀರು, ಒಣಗಿದ ಮೇಲ್ಮಣ್ಣಿಗೆ ಸೋರುತ್ತದೆ. ರಿಚರ್ಡ್ಸ್ ಮತ್ತು ಕಾಲ್ಡ್‌ವೆಲ್ 1987ರಲ್ಲಿ ಸೇಜ್‌ಬ್ರಶ್ ಎಂಬ ಪೊದೆಯಲ್ಲಿ ಇದನ್ನು ತೋರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಪೊದೆಯ ಆಳದ ಬೇರಿಗೆ ಡ್ಯೂಟೀರಿಯಂ ಇರುವ ಗುರುತಿನ ನೀರು ಕುಡಿಸಿದರು. ಆ ನೀರು ಪಕ್ಕದ ಹುಲ್ಲಿನಲ್ಲಿ ಸಿಕ್ಕಿತು! ಪೊದೆ ದಾನ ಮಾಡಿತು ಅಂತ ಭಾವುಕರಾಗುವುದು ಬೇಡ. ಅದು ಸೋರಿಕೆ, ಹುಲ್ಲು ಅದನ್ನು ಲಪಟಾಯಿಸಿತು ಅಷ್ಟೆ. ಮಾರನೇ ದಿನ ಅದೇ ನೀರಿನಲ್ಲಿ ಪೊದೆಯೂ ತನ್ನ ಪಾಲು ತೆಗೆದುಕೊಳ್ಳುತ್ತದೆ.

ಇಬ್ಬನಿಯನ್ನು ಎಲೆ ಕುಡಿಯುತ್ತದೆಯೇ?

ಸ್ವಲ್ಪ ಕುಡಿಯುತ್ತದೆ. ಅದರಿಂದಲೇ ಬದುಕುವಷ್ಟಲ್ಲ. ಎಲೆ ಒದ್ದೆ ಇರುವಷ್ಟು ಹೊತ್ತು ಒಳಗಿನ ನೀರು ಆವಿಯಾಗುವುದು ತಪ್ಪುತ್ತದಲ್ಲ, ಬಹಳ ಸಲ ಅದೇ ದೊಡ್ಡ ಲಾಭ.

ಬೇರಿನ ಜೊತೆಗಿರುವ ಶಿಲೀಂಧ್ರ ನೀರು ತಂದುಕೊಡುತ್ತದಂತೆ?

ಮೈಕೊರೈಜಾ ಶಿಲೀಂಧ್ರದ ಎಳೆ ಬೇರಿಗಿಂತ ಎಷ್ಟೋ ಪಟ್ಟು ಸಪೂರ. ಬೇರು ನುಗ್ಗಲಾಗದ ಸಂದಿನೊಳಗೂ ಅದು ಹೋಗುತ್ತದೆ. ಆದರೆ ಕೊಡಗಟ್ಟಲೆ ನೀರು ಹೊತ್ತು ತರುವ ಆಳಿನ ಹಾಗೆ ಅದನ್ನು ಬಣ್ಣಿಸುವುದು ನನಗೆ ಅತಿ ಅನಿಸುತ್ತದೆ. ಅದರ ದೊಡ್ಡ ಕೊಡುಗೆ ರಂಜಕದ ಪೂರೈಕೆ. ಹೊಟ್ಟೆ ತುಂಬಿದ ಗಿಡ ಬರವನ್ನು ಚೆನ್ನಾಗಿ ತಡೆಯುತ್ತದೆ. ಮಣ್ಣಿನ ಕಣಗಳನ್ನು ಕಟ್ಟಿಹಾಕಿ ಬೇರಿನ ಸಂಪರ್ಕ ಉಳಿಸುವುದರಲ್ಲೂ ಅದರ ಪಾಲಿದೆ.

ಮಧ್ಯಾಹ್ನ ಹುಲ್ಲಿನ ಎಲೆ ಸುರುಳಿ ಸುತ್ತಿಕೊಳ್ಳುವುದು ಯಾಕೆ?

ಎಲೆಯ ಮೇಲ್ಭಾಗದಲ್ಲಿ ಗುಳ್ಳೆಯಂಥ ದೊಡ್ಡ ಕೋಶಗಳ ಸಾಲು ಇರುತ್ತದೆ. ಅವುಗಳಲ್ಲಿನ ನೀರು ಇಳಿದಾಗ ಎಲೆ ಒಳಮುಖವಾಗಿ ಮಡಚಿಕೊಳ್ಳುತ್ತದೆ. ಬಿಸಿಲು, ಗಾಳಿಗೆ ಒಡ್ಡಿದ ಮೈ ಕಡಿಮೆಯಾಗುತ್ತದೆ. ರಂಧ್ರಗಳ ವಿಷಯದಲ್ಲೂ ಹುಲ್ಲು ಚುರುಕು. ಅದರ ರಂಧ್ರದ ಕಾವಲು ಕೋಶಗಳು ಡಂಬೆಲ್ ಆಕಾರದವು, ಬೇಗ ತೆರೆದು ಬೇಗ ಮುಚ್ಚುತ್ತವೆ. ಜೊತೆಗೆ ಬಿಸಿ ನಾಡಿನ ಹಲವು ಹುಲ್ಲುಗಳು ಸಿ4 ಎಂಬ ಬಗೆಯ ದ್ಯುತಿಸಂಶ್ಲೇಷಣೆ ಮಾಡುತ್ತವೆ. ರಂಧ್ರವನ್ನು ಅರೆಬರೆ ತೆರೆದರೂ ಅವಕ್ಕೆ ಇಂಗಾಲದ ಡೈಆಕ್ಸೈಡ್ ಸಾಕಾಗುತ್ತದೆ. ಒಂದು ಗ್ರಾಂ ಮೈ ಕಟ್ಟಲು ಅವುಗಳಿಗೆ ಬೇಕಾಗುವ ನೀರು ಉಳಿದ ಗಿಡಗಳಿಗೆ ಬೇಕಾಗುವುದರ ಹೆಚ್ಚುಕಡಿಮೆ ಅರ್ಧ.

ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ ಹುಲ್ಲು ಸತ್ತಿದೆಯಾ?

ಎಲೆ ನೋಡಿ ಹೇಳಬೇಡಿ, ಬುಡ ನೋಡಿ. ಬಹುವಾರ್ಷಿಕ ಹುಲ್ಲು ಎಲೆಗಳನ್ನೆಲ್ಲ ಒಣಗಲು ಬಿಟ್ಟು, ನೆಲಮಟ್ಟದ ಮೊಗ್ಗುಗಳನ್ನು ಮಾತ್ರ ಕಾಪಾಡಿಕೊಳ್ಳುತ್ತದೆ. ಬುಡವನ್ನು ಸೀಳಿದಾಗ ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತುಸು ಹಸಿ ಇದ್ದರೆ ಜೀವ ಇದೆ. ಕಂದಾಗಿ ಪುಡಿಪುಡಿಯಾದರೆ ಆ ತೆಂಡೆ ಹೋಯಿತು. ಪಕ್ಕದ ತೆಂಡೆ ಉಳಿದಿರಬಹುದು, ಎರಡು ಮೂರು ಕಡೆ ನೋಡಿ.

ಇನ್ನು ಒರೊಪೀಟಿಯಂ ತೋಮೇಯಂ ಎಂಬ ಪುಟ್ಟ ಹುಲ್ಲಿನ ಕಥೆಯೇ ಬೇರೆ. ಅದರ ಎಲೆ ಗರಿಗರಿ ಒಣಗಿದ ಮೇಲೂ ನೀರು ಸಿಕ್ಕರೆ ಅದೇ ಎಲೆ ಮತ್ತೆ ಹಸಿರಾಗುತ್ತದೆ. ಇಂಥವು ಬಹಳ ಅಪರೂಪ.

ಬರದಲ್ಲಿ ದನ-ಕುರಿ ಮೇಯಿಸಿದರೆ ಬೇರಿಗೆ ತೊಂದರೆಯೇ?

ಎಷ್ಟು ಮೇಯಿಸಿದಿರಿ ಅನ್ನುವುದರ ಮೇಲೆ ಇದೆ. ಎಲೆ ಕಡಿಮೆಯಾದರೆ ಆವಿಯಾಗುವುದೂ ಕಡಿಮೆ, ಆದ್ದರಿಂದ ಹಗುರವಾಗಿ ಮೇಯ್ದರೆ ಮಣ್ಣಿನ ಹಸಿ ಸ್ವಲ್ಪ ಉಳಿಯುತ್ತದೆ. ಆದರೆ ಬೇರಿಗೆ ಊಟ ಹೋಗುವುದು ಎಲೆಯಿಂದಲೇ. ಕ್ರೈಡರ್ ಎಂಬವರು 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಲ್ಲಿನ ಅರ್ಧಕ್ಕಿಂತ ಹೆಚ್ಚು ಎಲೆ ಕತ್ತರಿಸಿದಾಗ ಬೇರಿನ ಬೆಳವಣಿಗೆ ನಿಂತುಹೋಗತೊಡಗಿತು. ಅದಕ್ಕಿಂತ ಕಡಿಮೆ ಕತ್ತರಿಸಿದಾಗ ಬೇರು ಹೆಚ್ಚುಕಡಿಮೆ ತನ್ನ ಪಾಡಿಗೆ ಬೆಳೆಯಿತು. ನೀರಿಗಾಗಿ ಹೊಸ ಜಾಗ ಹುಡುಕಬೇಕಾದ ಹೊತ್ತಿನಲ್ಲೇ ಬೇರು ನಿಂತರೆ ಏನಾಗಬಹುದು ಅಂತ ಊಹಿಸಿ. ಬುಡದ ತನಕ ಬೋಳಿಸಿದ ನೆಲದಲ್ಲಿ ಇನ್ನೊಂದು ಕಷ್ಟವೂ ಇದೆ. ಬಿಸಿಲು ನೇರ ಮಣ್ಣಿಗೆ ಬಿದ್ದು, ಆ 5 ಮಿಲಿಮೀಟರ್ ಮಳೆ ಹುಲ್ಲಿಗೆ ಸಿಗುವ ಮೊದಲೇ ಹಾರಿಹೋಗುತ್ತದೆ.

ಬರ ತಡೆಯಲು ಜೇಡಿಮಣ್ಣು ಒಳ್ಳೆಯದೋ, ಮರಳುಮಣ್ಣೋ?

ಜೇಡಿ ಅಂತ ಎಲ್ಲರೂ ಹೇಳುತ್ತಾರೆ. ಮಳೆ ಚೆನ್ನಾಗಿ ಆಗುವ ಕಡೆ ಅದು ಸರಿ, ಜೇಡಿ ಜಾಸ್ತಿ ನೀರು ಹಿಡಿದಿಡುತ್ತದೆ. ತೀರಾ ಒಣ ಪ್ರದೇಶದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಬೀಳುವ ಅಲ್ಪ ಮಳೆ ಜೇಡಿಯಲ್ಲಿ ಮೇಲೇ ನಿಂತು ಆವಿಯಾಗುತ್ತದೆ, ಉಳಿದದ್ದನ್ನು ಜೇಡಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮರಳಿನಲ್ಲಿ ಅದೇ ಮಳೆ ಕೆಳಗಿಳಿದು ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತದೆ, ಬೇರಿಗೂ ಸುಲಭವಾಗಿ ಸಿಗುತ್ತದೆ. ನೊಯ್-ಮೇರ್ ಎಂಬ ಪರಿಸರ ವಿಜ್ಞಾನಿ 1973ರಲ್ಲಿ ಈ ವಿಚಾರವನ್ನು ಚೆನ್ನಾಗಿ ಬಿಡಿಸಿ ಬರೆದಿದ್ದಾರೆ.

ಒಳ್ಳೆಯ ಮಳೆ ಬಂದ ಮೇಲೆ ಬೇರು ಎಷ್ಟು ಬೇಗ ಕೆಲಸ ಶುರು ಮಾಡುತ್ತದೆ?

ಬದುಕಿರುವ ಬೇರು ಗಂಟೆಗಳಲ್ಲೇ ಕುಡಿಯತೊಡಗುತ್ತದೆ. ಸತ್ತ ಸಣ್ಣ ಬೇರುಗಳ ಜಾಗಕ್ಕೆ ಹೊಸವು ಬರಲು ದಿನಗಳು ಬೇಕು. ಅದಕ್ಕೇ ತುಂಬಾ ದಿನ ಬರ ಇದ್ದ ಮೇಲೆ ಮೊದಲ ದೊಡ್ಡ ಮಳೆಗೆ ಹುಲ್ಲು ನಾವಂದುಕೊಂಡಷ್ಟು ಚಿಗುರದೆ, ಎರಡನೇ ಮಳೆಗೆ ಒಮ್ಮೆಲೇ ಚಿಗುರುವುದು.

ಇನ್ನೊಂದು ಕೆಲಸವೂ ಬಾಕಿ ಇರುತ್ತದೆ. ಬರದ ಎಳೆತ ಹೆಚ್ಚಾದಾಗ ಗಿಡದೊಳಗಿನ ಕೊಳವೆಗಳಲ್ಲಿ ನೀರಿನ ಹಗ್ಗ ಕಡಿದು ಗಾಳಿ ಗುಳ್ಳೆ ತುಂಬಿಕೊಂಡಿರುತ್ತದೆ. ಎತ್ತರದ ಮರಕ್ಕೆ ಅದನ್ನು ಸರಿಮಾಡುವುದು ಸುಲಭವಲ್ಲ. ಹುಲ್ಲು ಗಿಡ್ಡ, ಅದಕ್ಕೆ ಒಂದು ಅನುಕೂಲ ಇದೆ. ರಾತ್ರಿ ಬೇರು ಕೊಳವೆಯೊಳಗೆ ಲವಣಗಳನ್ನು ಸೇರಿಸುತ್ತದೆ, ಅವುಗಳ ಹಿಂದೆಯೇ ಮಣ್ಣಿನಿಂದ ನೀರು ನುಗ್ಗಿ ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಗುಳ್ಳೆಗಳು ಕರಗಿ ಕೊಳವೆ ಮತ್ತೆ ತುಂಬುತ್ತದೆ. ಮಳೆಯಾದ ಮರುದಿನ ಬೆಳಗ್ಗೆ ಹುಲ್ಲಿನ ಎಲೆಯ ತುತ್ತತುದಿಯಲ್ಲಿ ಒಂದೊಂದೇ ಹನಿ ನಿಂತಿರುವುದನ್ನು ನೋಡಿರುತ್ತೀರಿ. ಇಬ್ಬನಿಯಾಗಿದ್ದರೆ ಎಲೆಯ ಮೈಮೇಲೆಲ್ಲ ಇರುತ್ತಿತ್ತು. ಆ ತುದಿಯ ಹನಿ ಬೇರು ತಳ್ಳಿ ಕಳಿಸಿದ್ದು.